ಕೌಂಟಿ ಪ್ರಾಸಿಕ್ಯೂಟರ್ ಕೆಲಸ: ಕೋರ್ಟಿಗೆ ಹೋಗುವ ಮೊದಲೇ ಮುಗಿಯುವ ತೀರ್ಮಾನಗಳು

ಪ್ರಶ್ನೆ: ನನ್ನ ಅಕ್ಕನ ಮಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಹುಟ್ಟಿ ಬೆಳೆದವಳು. ಈಗ ಕಾನೂನು ಪದವಿಯ ಎರಡನೇ ವರ್ಷದಲ್ಲಿದ್ದಾಳೆ. ಕಂಪನಿಗಳ ವಕೀಲಿಕೆ ಬೇಡ, ಅಲಮೀಡಾ ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ ಕಚೇರಿ ಸೇರಿ ಕ್ರಿಮಿನಲ್ ಪ್ರಾಸಿಕ್ಯೂಟರ್ ಆಗುತ್ತೇನೆ ಎನ್ನುತ್ತಿದ್ದಾಳೆ. ಅದು ನಮ್ಮ ಸರ್ಕಾರಿ ವಕೀಲರ ಕೆಲಸದಂತೆಯೇ ಇರುತ್ತದೆಯೇ? ಹಿರಿಯ ಪ್ರಾಸಿಕ್ಯೂಟರ್ ಎನಿಸಿಕೊಳ್ಳುವವರೆಗಿನ ದಾರಿ ಹೇಗಿರುತ್ತದೆ? ಅಲ್ಲಿ ಕಚೇರಿಯ ಮುಖ್ಯಸ್ಥರನ್ನು ಜನರೇ ಓಟು ಹಾಕಿ ಆರಿಸುತ್ತಾರಂತೆ. ಅಂಥವರ ಕೈಕೆಳಗೆ ನೌಕರಿ ಭದ್ರವೇ? ಮನೆಯಲ್ಲಿ ಎಲ್ಲರಿಗೂ ಆತಂಕವಿದೆ.

ಉತ್ತರ: ಕೋರ್ಟಿನೊಳಗೆ ಕುಳಿತು ನೋಡಿದರೆ ಎರಡೂ ಒಂದೇ ಕೆಲಸ. ಸಾಕ್ಷಿಯನ್ನು ಕಟಕಟೆಗೆ ಕರೆಯಬೇಕು, ಮುಖ್ಯ ವಿಚಾರಣೆ ಮಾಡಬೇಕು, ಎದುರು ವಕೀಲರ ಪಾಟೀ ಸವಾಲನ್ನು ತಾಳಿಕೊಳ್ಳಬೇಕು, ಕೊನೆಗೆ ವಾದ ಮಂಡಿಸಬೇಕು. ದೊಡ್ಡ ವ್ಯತ್ಯಾಸ ಇರುವುದು ಪ್ರಕರಣ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು.

ನಮ್ಮಲ್ಲಿ ಆರೋಪಪಟ್ಟಿ ಸಲ್ಲಿಸುವವರು ಪೊಲೀಸರು. ಅದಕ್ಕೆ ಮೊದಲು ಸರ್ಕಾರಿ ಅಭಿಯೋಜಕರ ಅಭಿಪ್ರಾಯ ಪಡೆಯಬೇಕೆಂದು ತನಿಖಾಧಿಕಾರಿಗೆ ಹೈಕೋರ್ಟ್ ಕೂಡ ನಿರ್ದೇಶನ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್. ಸರಳಾ ಪ್ರಕರಣದಲ್ಲಿ ಹೇಳಿತು. ತನಿಖೆ ಬೇರೆ, ಅಭಿಯೋಜನೆ ಬೇರೆ ಎಂಬುದು ನಮ್ಮ ವ್ಯವಸ್ಥೆಯ ತಳಹದಿ. ಹೀಗಾಗಿ ಬೇರೆಯವರು ಅಟ್ಟ ಅಡುಗೆಯನ್ನು ಬಡಿಸುವ ಕೆಲಸ ನಮ್ಮ ಅಭಿಯೋಜಕರದು. ಉಪ್ಪು ಹೆಚ್ಚಾಗಿದೆ ಎಂದು ಗೊತ್ತಿದ್ದರೂ ಬಡಿಸಬೇಕು. ಪ್ರಕರಣವನ್ನು ಹಿಂತೆಗೆದುಕೊಳ್ಳುವ ಅಧಿಕಾರ ಕಾನೂನಿನಲ್ಲಿ ಅವರಿಗೆ ಇದೆ. ಆದರೆ ಅದಕ್ಕೆ ನ್ಯಾಯಾಲಯದ ಸಮ್ಮತಿ ಬೇಕು, ಮತ್ತು ಸರ್ಕಾರದ ಆದೇಶ ಬರದೆ ಆ ಅಧಿಕಾರ ಹೊರಗೆ ಬರುವುದು ಅಪರೂಪ.

ಕ್ಯಾಲಿಫೋರ್ನಿಯಾದಲ್ಲಿ ಪೊಲೀಸರು ಬಂಧಿಸಬಹುದು, ವರದಿ ಬರೆಯಬಹುದು, ಅಷ್ಟೇ. ಆ ವರದಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಮುಖ್ಯ ಪ್ರಾಸಿಕ್ಯೂಟರ್ ಆದ ಡಿಸ್ಟ್ರಿಕ್ಟ್ ಅಟಾರ್ನಿಯ ಕಚೇರಿಗೆ ಬರುತ್ತದೆ. ಮೊಕದ್ದಮೆ ಹೂಡಬೇಕೇ ಬೇಡವೇ, ಹೂಡಿದರೆ ಯಾವ ಕಲಮು ಎಂದು ತೀರ್ಮಾನಿಸುವವರು ಅಲ್ಲಿ ಕುಳಿತ ಡೆಪ್ಯುಟಿ, ಅಂದರೆ ಅವರ ಕೈಕೆಳಗಿನ ಪ್ರಾಸಿಕ್ಯೂಟರ್. ಪೊಲೀಸರು ಕೊಲೆ ಯತ್ನ ಎಂದು ಬರೆದು ತಂದದ್ದನ್ನು ಆಕೆ ಹಲ್ಲೆಗೆ ಇಳಿಸಬಹುದು, ಇನ್ನಷ್ಟು ತನಿಖೆ ಮಾಡಿ ಎಂದು ವಾಪಸು ಕಳುಹಿಸಬಹುದು, ಸಾಕ್ಷ್ಯ ಸಾಲದು ಎಂದು ಕಡತವನ್ನೇ ಮುಚ್ಚಬಹುದು. ಮುಚ್ಚಿದರೆ ಸಾಮಾನ್ಯವಾಗಿ ಅದರ ಮೇಲೆ ಮೇಲ್ಮನವಿ ಎಂಬುದು ಇಲ್ಲ. ನಿಮ್ಮ ಸೊಸೆ ಆರಿಸಿಕೊಳ್ಳುತ್ತಿರುವುದು ಮಾತುಗಾರಿಕೆಯ ಉದ್ಯೋಗ ಎಂದು ಮನೆಯವರು ಅಂದುಕೊಂಡಿದ್ದರೆ ಇದನ್ನು ಮೊದಲು ತಿಳಿಸಿ. ಅದು ಹೆಚ್ಚಾಗಿ ಮೇಜಿನ ಮುಂದೆ ಕುಳಿತು ತೀರ್ಮಾನ ತೆಗೆದುಕೊಳ್ಳುವ ಉದ್ಯೋಗ. ಮಾತು ಆಮೇಲೆ ಬರುತ್ತದೆ, ಬಹಳಷ್ಟು ಪ್ರಕರಣಗಳಲ್ಲಿ ಬರುವುದೇ ಇಲ್ಲ.

ರಚನೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ, ಪ್ರತಿಯೊಂದಕ್ಕೂ ಚುನಾಯಿತ ಡಿಸ್ಟ್ರಿಕ್ಟ್ ಅಟಾರ್ನಿ ಒಬ್ಬರು. ಅವರ ಹೆಸರಿನಲ್ಲಿ ಕೋರ್ಟಿನಲ್ಲಿ ನಿಲ್ಲುವವರೆಲ್ಲ ನೇಮಕಗೊಂಡ ಡೆಪ್ಯುಟಿಗಳು. ಲಾಸ್ ಏಂಜಲೀಸ್ ಕೌಂಟಿಯಂಥ ಕಡೆ ಇಂಥವರು ಸಾವಿರದ ಆಸುಪಾಸಿನಲ್ಲಿದ್ದಾರೆ. ಗುಡ್ಡಗಾಡಿನ ಸಣ್ಣ ಕೌಂಟಿಗಳಲ್ಲಿ ಕೈಬೆರಳಲ್ಲಿ ಎಣಿಸುವಷ್ಟು. ಓಕ್‌ಲೆಂಡ್, ಬರ್ಕ್ಲಿ, ಹೇವರ್ಡ್, ಫ್ರೀಮಾಂಟ್, ಡಬ್ಲಿನ್ ಊರುಗಳೆಲ್ಲ ಸೇರಿದ ಅಲಮೀಡಾ ಕೌಂಟಿಯ ಜನಸಂಖ್ಯೆ ಹದಿನಾರು ಲಕ್ಷ ದಾಟುತ್ತದೆ.

ಇನ್ನು ದಾರಿ. ಮೂರು ವರ್ಷದ ಕಾನೂನು ಪದವಿಯ ನಡುವೆ ಬರುವ ಬೇಸಿಗೆ ರಜೆಯಲ್ಲಿ ಈ ಕಚೇರಿಗಳಲ್ಲಿ ಕ್ಲರ್ಕ್ ಆಗಿ ಸೇರುವುದು ವಾಡಿಕೆ. ಅಲ್ಲಿ ಕ್ಲರ್ಕ್ ಎಂದರೆ ಗುಮಾಸ್ತಿಕೆ ಎಂದುಕೊಳ್ಳಬೇಡಿ. ಪ್ರಮಾಣೀಕೃತ ವಿದ್ಯಾರ್ಥಿಗಳು ಹಿರಿಯ ವಕೀಲರ ಮೇಲ್ವಿಚಾರಣೆಯಲ್ಲಿ ಕೋರ್ಟಿನಲ್ಲಿ ವಾದವನ್ನೂ ಮಾಡಬಹುದು. ಪದವಿಯ ನಂತರ ರಾಜ್ಯದ ಬಾರ್ ಪರೀಕ್ಷೆ, ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಜುಲೈನಲ್ಲಿ. ಅದು ಕಠಿಣ. ಕಮಲಾ ಹ್ಯಾರಿಸ್ ಮೊದಲ ಪ್ರಯತ್ನದಲ್ಲಿ ಪಾಸಾಗಲಿಲ್ಲ. ಎರಡನೆಯದರಲ್ಲಿ ಪಾಸಾಗಿ 1990ರಲ್ಲಿ ಇದೇ ಅಲಮೀಡಾ ಕಚೇರಿಯಲ್ಲಿ ಡೆಪ್ಯುಟಿಯಾದರು. 1998ರವರೆಗೆ ಅಲ್ಲೇ ಇದ್ದರು. ಆದ್ದರಿಂದ ಒಂದು ಸಲ ಪರೀಕ್ಷೆ ಕೈಕೊಟ್ಟರೆ ಮನೆಯವರು ಕಂಗಾಲಾಗಬೇಕಿಲ್ಲ.

ಸೇರಿದ ಮೊದಲ ವರ್ಷಗಳು ಲಘು ಅಪರಾಧಗಳವು. ಕುಡಿದು ವಾಹನ ಓಡಿಸಿದ್ದು, ಅಂಗಡಿ ಕಳ್ಳತನ, ಸಣ್ಣ ಹೊಡೆದಾಟ. ಇವೇ ಪಾಠಶಾಲೆ, ಏಕೆಂದರೆ ಲಘು ಅಪರಾಧಕ್ಕೂ ಅಲ್ಲಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಹನ್ನೆರಡು ಮಂದಿ ಸಾಮಾನ್ಯ ಜನರ ಜ್ಯೂರಿ ಕೇಳುವ ಹಕ್ಕು ಆರೋಪಿಗೆ ಇದೆ. ಇಪ್ಪತ್ತೇಳರ ಹರೆಯದ ವಕೀಲೆ ಹನ್ನೆರಡು ಅಪರಿಚಿತರ ಮುಂದೆ ಒಬ್ಬಳೇ ನಿಂತು ಉಸಿರಿನ ಮದ್ಯಪರೀಕ್ಷೆಯ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಬೇಕು. ಸೋಲುತ್ತಾಳೆ, ಕಲಿಯುತ್ತಾಳೆ. ಅಲ್ಲಿಂದ ಗಂಭೀರ ಅಪರಾಧಗಳ ಪ್ರಾಥಮಿಕ ವಿಚಾರಣೆಗಳಿಗೆ ಬಡ್ತಿ. ಪ್ರಕರಣವನ್ನು ಜ್ಯೂರಿಯವರೆಗೆ ಒಯ್ಯುವಷ್ಟು ಆಧಾರ ಇದೆಯೇ ಎಂದು ನ್ಯಾಯಾಧೀಶರು ಪರಿಶೀಲಿಸುವ ಹಂತ ಅದು. ನಂತರ ದರೋಡೆ, ಕನ್ನ, ಮಾದಕವಸ್ತು. ಆಮೇಲೆ ಕೌಟುಂಬಿಕ ದೌರ್ಜನ್ಯ, ಲೈಂಗಿಕ ಅಪರಾಧ, ಮಕ್ಕಳ ಮೇಲಿನ ದೌರ್ಜನ್ಯದಂಥ ವಿಶೇಷ ವಿಭಾಗಗಳು. ಕೊನೆಗೆ ಕೊಲೆ ಪ್ರಕರಣಗಳು. ಅಷ್ಟರಲ್ಲಿ ಸುಮಾರು ಹತ್ತು ವರ್ಷ, ಕೆಲವರಿಗೆ ಹದಿನೈದು ವರ್ಷ ಕಳೆದಿರುತ್ತದೆ. ಹಲವು ಕೌಂಟಿಗಳಲ್ಲಿ ಹಿರಿಯ ಡೆಪ್ಯುಟಿ ಎಂಬ ಹುದ್ದೆ ಸಿಗುವುದು ಆ ಹೊತ್ತಿಗೆ.

ವಿಶೇಷ ವಿಭಾಗಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಕಡತ ಮೊದಲು ಕೈಗೆ ಬಂದ ದಿನದಿಂದ ಶಿಕ್ಷೆಯ ದಿನದವರೆಗೆ ಒಬ್ಬರೇ ಪ್ರಾಸಿಕ್ಯೂಟರ್ ನಡೆಸುತ್ತಾರೆ. ಅತ್ಯಾಚಾರಕ್ಕೆ ಒಳಗಾದ ಹುಡುಗಿ ತನ್ನ ಕಥೆಯನ್ನು ಪ್ರತಿ ವಾಯಿದೆಗೂ ಹೊಸ ಮುಖಕ್ಕೆ ಹೇಳಬೇಕಾಗಿಲ್ಲ. ನಮ್ಮ ಕೋರ್ಟುಗಳಲ್ಲಿ ಅಭಿಯೋಜಕರ ವರ್ಗಾವಣೆಯಿಂದ ಸಾಕ್ಷಿಗಳು ಎಷ್ಟು ನಲುಗುತ್ತಾರೆ ಎಂದು ಬಲ್ಲವರಿಗೆ ಇದರ ಬೆಲೆ ಅರ್ಥವಾದೀತು.

ಈಗ ಆ ಮೇಜಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಹಿರಿತನದ ಪರೀಕ್ಷೆ ನಡೆಯುವುದು ಅಲ್ಲಿ. ಬಂಧಿತನನ್ನು ಭಾನುವಾರ ಮತ್ತು ರಜಾದಿನ ಬಿಟ್ಟು 48 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಅಷ್ಟರೊಳಗೆ ಆರೋಪ ದಾಖಲಾಗದಿದ್ದರೆ ಬಿಡುಗಡೆ. ನಮ್ಮಲ್ಲಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತಂದರೆ ಸಾಕು, ಆರೋಪಪಟ್ಟಿಗೆ 60 ಅಥವಾ 90 ದಿನ ಇರುತ್ತದೆ. ಅಲ್ಲಿ ಆ ಎರಡು ದಿನದಲ್ಲೇ ಒಬ್ಬ ಮನುಷ್ಯನ ಮೇಲೆ ಸರ್ಕಾರ ಏನು ಹೊರಿಸುತ್ತದೆ ಎಂಬುದು ಬಹುಪಾಲು ತೀರ್ಮಾನವಾಗಬೇಕು.

ಕೆಲವು ಅಪರಾಧಗಳನ್ನು ಲಘುವೆಂದೂ ದಾಖಲಿಸಬಹುದು, ಗಂಭೀರವೆಂದೂ ದಾಖಲಿಸಬಹುದು. ಆಯ್ಕೆ ಮೊದಲು ಪ್ರಾಸಿಕ್ಯೂಟರದು. ಇದು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಲಾಸ್ ಏಂಜಲೀಸ್ ಕೌಂಟಿಯ ಯೂಯಿಂಗ್ ಪ್ರಕರಣ ಸಾಕು. 2000ದಲ್ಲಿ ಗ್ಯಾರಿ ಯೂಯಿಂಗ್ ಎಂಬಾತ ಅಂಗಡಿಯೊಂದರಿಂದ ತಲಾ 399 ಡಾಲರಿನ ಮೂರು ಗಾಲ್ಫ್ ಕೋಲುಗಳನ್ನು ಕದ್ದ. ಲಘು ಅಪರಾಧವೆಂದೂ ದಾಖಲಿಸಬಹುದಾಗಿದ್ದ ಕಳ್ಳತನ ಅದು. ಗಂಭೀರ ಅಪರಾಧವೆಂದು ದಾಖಲಾಯಿತು. ಹಳೆಯ ಕನ್ನ ಮತ್ತು ದರೋಡೆಯ ಶಿಕ್ಷೆಗಳು ಆತನ ಹೆಸರಿನಲ್ಲಿ ಇದ್ದವು. ಹಳೆಯ ಗಂಭೀರ ಅಪರಾಧಗಳಿದ್ದವರಿಗೆ ಮೂರನೇ ಸಲ ಶಿಕ್ಷೆಯನ್ನು ಬಹಳ ಹೆಚ್ಚಿಸುವ 1994ರ ‘ಮೂರನೇ ತಪ್ಪು’ ಕಾನೂನಿನಡಿ ಆತನಿಗೆ 25 ವರ್ಷದಿಂದ ಜೀವಾವಧಿಯವರೆಗಿನ ಶಿಕ್ಷೆ ಬಿತ್ತು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. 2012ರಲ್ಲಿ ಜನಮತದ ಮೂಲಕ ಆ ಕಾನೂನನ್ನು ಸಡಿಲಿಸಿದ್ದು ಬೇರೆ ಮಾತು. ಕಾನೂನು ಕಠಿಣವಾಗಿತ್ತು ಎನ್ನಬಹುದು, ಸರಿ. ಆದರೆ ಅದರ ಬಾಗಿಲು ತೆರೆದದ್ದು ಆರೋಪ ದಾಖಲಿಸುವ ಹಂತದ ಒಂದು ಆಯ್ಕೆ.

ಇದರ ಎದುರು ಬದಿಯನ್ನೂ ಹೇಳಬೇಕು. ಕಮಲಾ ಹ್ಯಾರಿಸ್ 1988ರಲ್ಲಿ ಅಲಮೀಡಾ ಕಚೇರಿಯಲ್ಲಿ ಬೇಸಿಗೆ ಕ್ಲರ್ಕ್ ಆಗಿದ್ದಾಗಿನ ಘಟನೆಯೊಂದನ್ನು ಅವರೇ ಬರೆದಿದ್ದಾರೆ. ಮಾದಕವಸ್ತು ದಾಳಿಯೊಂದರಲ್ಲಿ ಅಲ್ಲಿ ಸುಮ್ಮನೆ ಇದ್ದ ನಿರಪರಾಧಿ ಮಹಿಳೆಯೊಬ್ಬಳೂ ಸೇರಿ ಎಲ್ಲರನ್ನೂ ಹಿಡಿದು ತಂದಿದ್ದರು. ಶುಕ್ರವಾರ ಸಂಜೆಯಾಗುತ್ತಿತ್ತು. ಆ ದಿನ ಪ್ರಕರಣ ಕೈಗೆತ್ತಿಕೊಳ್ಳದಿದ್ದರೆ ಆಕೆ ವಾರಾಂತ್ಯವಿಡೀ ಜೈಲಿನಲ್ಲಿ ಇರಬೇಕಾಗಿತ್ತು. ಆಕೆಗೆ ಮಕ್ಕಳಿದ್ದಿರಬಹುದು, ನೌಕರಿಯಿದ್ದಿರಬಹುದು. ಹ್ಯಾರಿಸ್ ಕೋರ್ಟಿನ ಸಿಬ್ಬಂದಿಯನ್ನು ಬೇಡಿಕೊಂಡು ನ್ಯಾಯಾಧೀಶರನ್ನು ಮರಳಿ ಪೀಠಕ್ಕೆ ಕರೆಸಿದರು, ಬಿಡುಗಡೆಯಾಯಿತು. ಮುಂದೆ ಅವರ ರಾಜಕೀಯದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಾದರೂ ಇರಲಿ, ಆ ಸಂಜೆ ಮಾಡಿದ್ದು ಪಕ್ಕಾ ಪ್ರಾಸಿಕ್ಯೂಟರ್ ಕೆಲಸ. ಇಂಥದ್ದು ಯಾವ ಅಂಕಿಅಂಶದಲ್ಲೂ ಬರುವುದಿಲ್ಲ. ಬಡ್ತಿಯ ಅರ್ಜಿಯಲ್ಲಿ ಬರೆದುಕೊಳ್ಳುವುದಕ್ಕೂ ಸಿಗುವುದಿಲ್ಲ.

ಜ್ಯೂರಿಯ ಮುಂದೆ ಗುಡುಗುವ ವಕೀಲರನ್ನು ತೆರೆಯ ಮೇಲೆ ನೋಡಿ ನೋಡಿ ನಮಗೆ ಒಂದು ಭ್ರಮೆ ಹುಟ್ಟಿದೆ. ರಾಜ್ಯಗಳ ಕೋರ್ಟುಗಳಲ್ಲಿ ಆಗುವ ಶಿಕ್ಷೆಗಳ ಪೈಕಿ ಶೇ 94ರಷ್ಟು ಆರೋಪಿ ತಾನೇ ತಪ್ಪೊಪ್ಪಿಕೊಂಡು ಬಂದವು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2012ರ ತೀರ್ಪೊಂದರಲ್ಲಿ ಹೇಳಿತು. ಅಂದರೆ ಚೌಕಾಸಿ. ಇಷ್ಟು ಒಪ್ಪಿಕೊಂಡರೆ ಅಷ್ಟು ಬಿಡುತ್ತೇವೆ ಎಂಬ ಮಾತುಕತೆ ಕೋರ್ಟಿನ ಹಜಾರದಲ್ಲಿ, ಫೋನಿನಲ್ಲಿ, ಇಮೇಲಿನಲ್ಲಿ ನಡೆಯುತ್ತದೆ. ನಮ್ಮಲ್ಲೂ 2006ರಿಂದ ಇದಕ್ಕೆ ಅವಕಾಶ ಇದೆ, ಆದರೆ ಏಳು ವರ್ಷ ಮೀರಿದ ಶಿಕ್ಷೆಯ ಅಪರಾಧಗಳಿಗೆ, ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಇಲ್ಲ. ಇರುವ ಕಡೆಯೂ ಬಳಸುವವರು ಕಡಿಮೆ. ಅಲ್ಲಿ ಅದೇ ರಾಜಮಾರ್ಗ. ನ್ಯಾಯವಾದ ಕೊಡುಗೆ ಯಾವುದು, ಬೆದರಿಸಿ ಒಪ್ಪಿಸುವುದು ಯಾವುದು ಎಂಬ ಗೆರೆ ಬಹಳ ತೆಳು. ಆರೋಪವನ್ನು ಬೇಕೆಂದೇ ಉಬ್ಬಿಸಿ ಆಮೇಲೆ ಇಳಿಸುವ ನಾಟಕವನ್ನು ಆಡದಿರುವ ಡೆಪ್ಯುಟಿಗೆ ಎದುರು ಪಕ್ಷದ ವಕೀಲರಲ್ಲಿ ಹುಟ್ಟುವ ನಂಬಿಕೆಯೇ ಆಕೆಯ ಬಂಡವಾಳ.

ನಮ್ಮವರಿಗೆ ಸಂಬಂಧಿಸಿದ ಒಂದು ಅಂಶ ಇಲ್ಲಿದೆ. ಚೌಕಾಸಿಯಲ್ಲಿ ಒಪ್ಪಿಕೊಂಡ ಸಣ್ಣ ತಪ್ಪೂ ವೀಸಾದ ಮೇಲೆ ಇರುವವರನ್ನು ದೇಶದಿಂದ ಹೊರಗೆ ಹಾಕಿಸಬಲ್ಲದು. ಇದನ್ನು ಕಕ್ಷಿದಾರನಿಗೆ ತಿಳಿಸುವುದು ಆರೋಪಿ ಪರ ವಕೀಲರ ಕರ್ತವ್ಯ ಎಂದು 2010ರ ಪಡಿಲ್ಲಾ ತೀರ್ಪು ಹೇಳಿತು. ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಲಸೆಯ ಪರಿಣಾಮಗಳನ್ನು ಪ್ರಾಸಿಕ್ಯೂಟರ್ ಕೂಡ ಚೌಕಾಸಿಯ ವೇಳೆ ಪರಿಗಣಿಸಬೇಕು ಎಂದು 2016ರಿಂದ ಕಾನೂನು ಮಾಡಿದೆ. ಫ್ರೀಮಾಂಟ್, ಡಬ್ಲಿನ್‌ಗಳಲ್ಲಿ ಎಷ್ಟು ಕನ್ನಡದ ಮನೆಗಳಿವೆ ಎಂದು ನಿಮಗೇ ಗೊತ್ತು. ಆ ಮನೆಗಳ ಗಂಡ–ಹೆಂಡಿರ ಜಗಳ ಒಮ್ಮೆ ತುರ್ತು ಕರೆಯಾಗಿ ಪೊಲೀಸರು ಬಂದರೆ, ಮಾರನೆಯ ದಿನ ಹೆಂಡತಿ ಹೋಗಿ ‘ರಾಜಿಯಾಗಿದ್ದೇವೆ, ಕೇಸು ಬೇಡ’ ಎಂದರೆ ಮುಗಿಯುವುದಿಲ್ಲ. ಕೇಸಿನ ಶೀರ್ಷಿಕೆಯೇ ಕ್ಯಾಲಿಫೋರ್ನಿಯಾ ರಾಜ್ಯದ ಜನತೆ ವಿರುದ್ಧ ಇಂಥವನು ಎಂದು. ಹೆಂಡತಿ ಅದರಲ್ಲಿ ಸಾಕ್ಷಿ, ಒಡತಿಯಲ್ಲ. ನಿಮ್ಮ ಸೊಸೆ ಆ ವಿಭಾಗಕ್ಕೆ ಬಂದಾಗ ಪರಿಚಯದ ಮನೆಗಳಿಂದ ‘ಸ್ವಲ್ಪ ನೋಡಮ್ಮಾ’ ಎಂಬ ಫೋನು ಬಂದೇ ಬರುತ್ತದೆ. ಆಕೆ ಎತ್ತಬಾರದ ಫೋನು ಅದು, ನೀವೂ ಮಾಡಬಾರದು.

ವಿಚಾರಣೆ ನಡೆಯುವ ಆ ಉಳಿದ ಪ್ರಕರಣಗಳಿಗೆ ಬರೋಣ. ಕೊಲೆ ವಿಭಾಗದ ಹಿರಿಯ ಡೆಪ್ಯುಟಿಯ ಬದುಕಿಗೆ ಕಚೇರಿ ವೇಳೆ ಎಂಬುದಿಲ್ಲ. ಹಲವು ಕೌಂಟಿಗಳಲ್ಲಿ ಸರದಿಯ ಮೇಲೆ ರಾತ್ರಿ ಫೋನಿಗೆ ಸಿಗಬೇಕು. ಪತ್ತೇದಾರರಿಗೆ ಶೋಧನಾ ವಾರಂಟ್ ಬೇಕಾದರೆ ಆಗಲೇ ಬೇಕು. ಕೆಲವೊಮ್ಮೆ ಸ್ಥಳಕ್ಕೇ ಹೋಗಬೇಕಾಗುತ್ತದೆ. ವಿಚಾರಣೆ ಶುರುವಾದ ಮೇಲೆ ಹಗಲು ಕೋರ್ಟು, ರಾತ್ರಿ ಮರುದಿನದ ಸಾಕ್ಷಿಗಳ ತಯಾರಿ. ಜೈಲಿನಿಂದ ಬರುವ ಸಾಕ್ಷಿ ಬಾಯಿ ಬಿಡುವುದಿಲ್ಲ, ಬೀದಿಯಲ್ಲಿ ಗುಂಡಿನ ದಾಳಿ ಕಂಡವನು ಊರನ್ನೇ ಬಿಟ್ಟಿರುತ್ತಾನೆ, ಸತ್ತ ಹುಡುಗನ ತಾಯಿ ಪ್ರತಿದಿನ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾಳೆ. ಆ ತಾಯಿಯೊಂದಿಗೆ ಮಾತನಾಡುವುದೂ ಕೆಲಸದ ಭಾಗ. ಸಂತ್ರಸ್ತರಿಗೆ ನೆರವಾಗುವ ಸಿಬ್ಬಂದಿಯನ್ನು ಪ್ರಾಸಿಕ್ಯೂಟರ್ ಕಚೇರಿಯೊಳಗೇ ಇಟ್ಟುಕೊಳ್ಳುವ ಪದ್ಧತಿಯನ್ನು 1970ರ ದಶಕದಲ್ಲೇ ಶುರುಮಾಡಿದ ಕಚೇರಿಗಳಲ್ಲಿ ಅಲಮೀಡಾ ಒಂದು.

ಜ್ಯೂರಿಯ ಆಯ್ಕೆಯಲ್ಲಿ ಎರಡೂ ಕಡೆಯವರು ಕಾರಣ ಹೇಳದೆ ಕೆಲವರನ್ನು ಕೈಬಿಡಬಹುದು. ಬಣ್ಣ ನೋಡಿ ಕೈಬಿಡುವಂತಿಲ್ಲ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1978ರಲ್ಲೂ, ದೇಶದ ಸುಪ್ರೀಂ ಕೋರ್ಟ್ 1986ರಲ್ಲೂ ಹೇಳಿವೆ. ಹೀಗಿದ್ದರೂ 2024ರ ಏಪ್ರಿಲಿನಲ್ಲಿ ಒಂದು ಸಂಗತಿ ಹೊರಬಿತ್ತು. ಮರಣದಂಡನೆಯ ಹಳೆಯ ಪ್ರಕರಣವೊಂದರ ಕಡತದಲ್ಲಿ, ಅದೇ ಅಲಮೀಡಾ ಕಚೇರಿಯ ಪ್ರಾಸಿಕ್ಯೂಟರುಗಳು ಕೈಬರಹದಲ್ಲಿ ಮಾಡಿಕೊಂಡ ಟಿಪ್ಪಣಿಗಳು ಸಿಕ್ಕವು. ಕಪ್ಪು ಮಹಿಳೆಯರು ಮತ್ತು ಯಹೂದಿಗಳನ್ನು ಜ್ಯೂರಿಯಿಂದ ಹೊರಗಿಡಲು ಗುರುತು ಹಾಕಿಕೊಂಡಿದ್ದ ಟಿಪ್ಪಣಿಗಳು ಅವು. ಫೆಡರಲ್ ನ್ಯಾಯಾಧೀಶ ವಿನ್ಸ್ ಛಾಬ್ರಿಯಾ ಅವರ ಆದೇಶದಂತೆ ಕೌಂಟಿಯ 35 ಮರಣದಂಡನೆ ಪ್ರಕರಣಗಳ ಮರುಪರಿಶೀಲನೆ ಆರಂಭವಾಯಿತು. ಒಂದು ಕಾಲಕ್ಕೆ ದೇಶದಲ್ಲೇ ಮಾದರಿ ಎನಿಸಿಕೊಂಡಿದ್ದ ಕಚೇರಿ ಇದು. ನಿಮ್ಮ ಸೊಸೆ ಅದರ ಕೀರ್ತಿಯನ್ನು ಮಾತ್ರ ಕೇಳಿದ್ದರೆ ಇದನ್ನೂ ಓದಿಕೊಳ್ಳಲಿ.

ಆ ಕೀರ್ತಿಯ ಮೂಲ ಒಬ್ಬ ವ್ಯಕ್ತಿ, ಅರ್ಲ್ ವಾರನ್. ಕೌಂಟಿ ಪ್ರಾಸಿಕ್ಯೂಟರ್ ಒಬ್ಬರ ಬದುಕು ಹೇಗೆಲ್ಲ ತಿರುಗಬಹುದು ಎಂದು ಯಾರಾದರೂ ಕೇಳಿದರೆ ನಾನು ಇವರ ಹೆಸರನ್ನೇ ಹೇಳುವುದು. 1891ರಲ್ಲಿ ಹುಟ್ಟಿ, ರೈಲ್ವೆ ನೌಕರನ ಮಗನಾಗಿ ಬೇಕರ್ಸ್‌ಫೀಲ್ಡ್‌ನಲ್ಲಿ ಬೆಳೆದು, ಬರ್ಕ್ಲಿಯಲ್ಲಿ ಕಾನೂನು ಓದಿದವರು. 1920ರಲ್ಲಿ ಸ್ವಲ್ಪ ಕಾಲ ಅನುಭವ ಪಡೆಯೋಣ ಎಂದು ಅಲಮೀಡಾ ಕಚೇರಿಗೆ ಡೆಪ್ಯುಟಿಯಾಗಿ ಸೇರಿದರು, 1938ರ ಕೊನೆಯವರೆಗೂ ಬಿಡಲಿಲ್ಲ. 1925ರಲ್ಲಿ ಮುಖ್ಯಸ್ಥರ ಹುದ್ದೆ ತೆರವಾದಾಗ ಕೌಂಟಿ ಮಂಡಳಿ ಅವರನ್ನು ನೇಮಿಸಿತು. ಮುಂದೆ ಮೂರು ಬಾರಿ ಜನ ಆರಿಸಿದರು. 1930ರ ಹೊತ್ತಿಗೆ ತಮ್ಮದೇ ಕೌಂಟಿಯ ಚುನಾಯಿತ ಷೆರಿಫ್ ಬರ್ಟನ್ ಬೆಕರ್ ಮೇಲೆ ಭ್ರಷ್ಟಾಚಾರದ ಮೊಕದ್ದಮೆ ಹೂಡಿ ಜೈಲಿಗೆ ಕಳುಹಿಸಿದರು. ಪೊಲೀಸ್ ವರಿಷ್ಠನ ಮೇಲೆಯೇ ಕೈಹಾಕುವ ಧೈರ್ಯ ಸ್ವತಂತ್ರ ಹುದ್ದೆಯಿಂದ ಬರುವಂಥದ್ದು. ಮರುವರ್ಷ ದೇಶದ ಪ್ರಾಸಿಕ್ಯೂಟರುಗಳ ಸಮೀಕ್ಷೆ ನಡೆಸಿದ ವಿದ್ವಾಂಸ ರೇಮಂಡ್ ಮೋಲಿ, ಇವರೇ ಅತ್ಯುತ್ತಮ ಎಂದರು.

ಆದರೆ ಅವರ ಕಡತಗಳೆಲ್ಲ ಬಿಳಿಯಲ್ಲ. 1936ರಲ್ಲಿ ಪಾಯಿಂಟ್ ಲೋಬೋಸ್ ಎಂಬ ಸರಕು ಹಡಗಿನಲ್ಲಿ ಮುಖ್ಯ ಎಂಜಿನಿಯರನ ಕೊಲೆಯಾಯಿತು. ವಾರನ್ ನಾವಿಕರ ಕಾರ್ಮಿಕ ಸಂಘದ ಮುಖಂಡರ ಮೇಲೆ ಮೊಕದ್ದಮೆ ಹೂಡಿದರು, ಶಿಕ್ಷೆಯೂ ಆಯಿತು. ಆರೋಪಿಯೊಬ್ಬನನ್ನು ವಕೀಲರಿಲ್ಲದೆ ಗುಟ್ಟಾಗಿ ಇರಿಸಿಕೊಂಡು ತಪ್ಪೊಪ್ಪಿಗೆ ಪಡೆದರು ಎಂಬ ದೂರು ಅಂದೇ ಎದ್ದಿತ್ತು. ಇದು ಕಾರ್ಮಿಕರ ವಿರುದ್ಧದ ರಾಜಕೀಯ ಎಂದೂ ಜನ ದೂರಿದರು. ಶಿಕ್ಷೆಯಾದವರು 1941ರಲ್ಲಿ ಪೆರೋಲ್ ಮೇಲೆ ಹೊರಬಂದರು. 1938ರಲ್ಲಿ ವಾರನ್ ಅವರ ತಂದೆಯನ್ನೇ ಯಾರೋ ಮನೆಯಲ್ಲಿ ಹೊಡೆದು ಕೊಂದರು. ಕೊಲೆಗಾರ ಯಾರೆಂದು ಪತ್ತೆಯಾಗಲೇ ಇಲ್ಲ. ನಂತರ ರಾಜ್ಯದ ಅಟಾರ್ನಿ ಜನರಲ್ ಆಗಿ 1942ರಲ್ಲಿ ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಕೊನೆಗಾಲದಲ್ಲಿ ಅದಕ್ಕೆ ಪಶ್ಚಾತ್ತಾಪಪಟ್ಟರು.

1953ರಲ್ಲಿ ಅವರು ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾದರು. ಹದಿನೆಂಟು ವರ್ಷ ಪ್ರಾಸಿಕ್ಯೂಟರ್ ಕಚೇರಿಯಲ್ಲಿ ಇದ್ದವರು ಪೊಲೀಸರ ಪಕ್ಷ ಹಿಡಿಯುತ್ತಾರೆ ಎಂದುಕೊಂಡವರಿಗೆ ನಿರಾಸೆ ಕಾದಿತ್ತು. ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕು ಎಂಬ ಗಿಡಿಯನ್ ತೀರ್ಪು ಮತ್ತು ಆರೋಪಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಪ್ರಾಸಿಕ್ಯೂಟರ್ ಬಚ್ಚಿಡುವಂತಿಲ್ಲ ಎಂಬ ಬ್ರೇಡಿ ತೀರ್ಪು, ಎರಡೂ ಅವರ ಪೀಠದ ಕಾಲದಲ್ಲಿ 1963ರಲ್ಲಿ ಬಂದವು. 1966ರ ಮಿರಾಂಡಾ ತೀರ್ಪನ್ನು ಅವರೇ ಬರೆದರು. ಬಂಧಿತನಿಗೆ ಮೌನವಾಗಿರುವ ಮತ್ತು ವಕೀಲರನ್ನು ಕೇಳುವ ಹಕ್ಕಿದೆ ಎಂದು ವಿಚಾರಣೆಗೆ ಮೊದಲೇ ತಿಳಿಸಬೇಕು ಎಂದದ್ದು ಅದು. ನಮಗೆ ಹೆಮ್ಮೆಯ ವಿಷಯವೊಂದು ಆ ತೀರ್ಪಿನಲ್ಲಿದೆ. ಇದರಿಂದ ಪೊಲೀಸರ ಕೈ ಕಟ್ಟಿದಂತಾಗುತ್ತದೆ ಎಂಬ ವಾದಕ್ಕೆ ಉತ್ತರವಾಗಿ ವಾರನ್ ಬೇರೆ ದೇಶಗಳ ಅನುಭವವನ್ನು ಮುಂದಿಟ್ಟರು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಭಾರತ 1872ರಿಂದಲೂ ಸಾಕ್ಷ್ಯವಾಗಿ ಒಪ್ಪುತ್ತಿಲ್ಲ ಎಂದು ಬರೆದರು. ನಮ್ಮ ಸಾಕ್ಷ್ಯ ಅಧಿನಿಯಮದ ಆ ಹಳೆಯ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಮುಂದುವರಿದಿದೆ. ಓಕ್‌ಲೆಂಡಿನ ಕಚೇರಿಯಲ್ಲಿ ತಪ್ಪೊಪ್ಪಿಗೆಗಳು ಹೇಗೆ ಹುಟ್ಟುತ್ತವೆ ಎಂದು ವರ್ಷಗಟ್ಟಲೆ ಕಂಡ ಮನುಷ್ಯ ಆ ತೀರ್ಪು ಬರೆದದ್ದು ಕಾಕತಾಳೀಯವಲ್ಲ ಎಂದು ನನ್ನ ಅಭಿಪ್ರಾಯ.

ಬ್ರೇಡಿ ತೀರ್ಪಿನ ವಿಷಯಕ್ಕೆ ಇನ್ನೊಂದು ಮಾತು. ದಿನದ ಕೆಲಸದಲ್ಲಿ ಪ್ರಾಸಿಕ್ಯೂಟರನ್ನು ಹೆಚ್ಚು ಕಾಡುವ ನಿಯಮ ಇದು. ಸಾಕ್ಷಿ ಹಿಂದೆ ಸುಳ್ಳು ಹೇಳಿದ್ದನೇ, ಪೊಲೀಸ್ ಅಧಿಕಾರಿಯ ಮೇಲೆ ಇಲಾಖಾ ವಿಚಾರಣೆ ಇತ್ತೇ, ಪ್ರಯೋಗಾಲಯದ ಮೊದಲ ವರದಿ ಬೇರೇನಾದರೂ ಹೇಳಿತ್ತೇ? ತನ್ನ ಕೇಸನ್ನು ಸಡಿಲಗೊಳಿಸುವ ಇಂಥ ಕಾಗದವನ್ನು ತಾನೇ ಹುಡುಕಿ ಎದುರಾಳಿಗೆ ಕೊಡಬೇಕು. ಬೇಕೆಂದೇ ಬಚ್ಚಿಟ್ಟರೆ ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ಪ್ರಾಸಿಕ್ಯೂಟರ್ ಮೇಲೆಯೇ ಗಂಭೀರ ಅಪರಾಧದ ಮೊಕದ್ದಮೆ ಹೂಡಬಹುದು. ನಷ್ಟ ಪರಿಹಾರದ ದಾವೆಯಿಂದ ಮಾತ್ರ ಅವರಿಗೆ ಪೂರ್ಣ ರಕ್ಷಣೆ ಇದೆ. ಆ ರಕ್ಷಣೆ ಕೊಟ್ಟ 1976ರ ಇಂಬ್ಲರ್ ಪ್ರಕರಣದ ಕಥೆ ವಿಚಿತ್ರವಾದದ್ದು. ಲಾಸ್ ಏಂಜಲೀಸ್ ಕೌಂಟಿಯ ಡೆಪ್ಯುಟಿ ರಿಚರ್ಡ್ ಪ್ಯಾಕ್ಟ್‌ಮನ್ ಕೊಲೆ ಕೇಸೊಂದರಲ್ಲಿ ಇಂಬ್ಲರ್‌ಗೆ ಮರಣದಂಡನೆ ಕೊಡಿಸಿದರು. ಆಮೇಲೆ ಹೊಸ ಸಂಗತಿಗಳು ತಿಳಿದಾಗ ಅವರೇ ರಾಜ್ಯಪಾಲರಿಗೆ ಪತ್ರ ಬರೆದು ತಿಳಿಸಿದರು. ಇಂಬ್ಲರ್ ಕಡೆಗೆ ಬಿಡುಗಡೆಯಾಗಿ ಬಂದು ದಾವೆ ಹೂಡಿದ್ದು ಆ ಪತ್ರ ಬರೆದವರ ಮೇಲೆಯೇ! ಕೋರ್ಟು ಡೆಪ್ಯುಟಿಯ ಪರ ನಿಂತಿತು. ಪ್ರಾಸಿಕ್ಯೂಟರ್ ಗಟ್ಟಿಯಾಗಿ ಹೊಡೆಯಬಹುದು, ಮೋಸದ ಏಟು ಹೊಡೆಯಬಾರದು ಎಂಬುದು 1935ರ ಬರ್ಗರ್ ತೀರ್ಪಿನ ಮಾತು. ಸರ್ಕಾರಿ ಅಭಿಯೋಜಕರು ಹೇಗಾದರೂ ಶಿಕ್ಷೆ ಕೊಡಿಸುವ ದಾಹ ತೋರಬಾರದು ಎಂದು ನಮ್ಮ ಸುಪ್ರೀಂ ಕೋರ್ಟ್ 1999ರಲ್ಲಿ ಶಿವಕುಮಾರ್ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ.

ಚುನಾವಣೆಯ ಪ್ರಶ್ನೆಗೆ ಬರುತ್ತೇನೆ. ಆತಂಕಕ್ಕೆ ಆಧಾರ ಇದೆ, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ದೊಡ್ಡ ಕೌಂಟಿಗಳಲ್ಲಿ ಅನುಭವಿ ಡೆಪ್ಯುಟಿಗಳಿಗೆ ಸೇವಾ ನಿಯಮಗಳ ಇಲ್ಲವೇ ಸಂಘಗಳ ರಕ್ಷಣೆ ಸಾಮಾನ್ಯ. ಮುಖ್ಯಸ್ಥರು ಬದಲಾದ ಮಾತ್ರಕ್ಕೆ ಕೆಲಸ ಹೋಗುವುದಿಲ್ಲ. ಎಲ್ಲ ರಾಜ್ಯಗಳಲ್ಲೂ ಹೀಗೆ ಎಂದು ಹೇಳಲಾಗದು. ಬದಲಾಗುವುದು ನೀತಿ. ಲಾಸ್ ಏಂಜಲೀಸ್‌ನಲ್ಲಿ ಜಾರ್ಜ್ ಗ್ಯಾಸ್ಕೋನ್ 2020ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದು, ಶಿಕ್ಷೆ ಹೆಚ್ಚಿಸುವ ಹಳೆಯ ತಪ್ಪುಗಳನ್ನು ಇನ್ನು ಮುಂದೆ ಹೊರಿಸಬೇಡಿ ಎಂದು ಆದೇಶಿಸಿದಾಗ, ಡೆಪ್ಯುಟಿಗಳ ಸಂಘವೇ ತಮ್ಮ ಮುಖ್ಯಸ್ಥರ ಮೇಲೆ ಕೋರ್ಟಿಗೆ ಹೋಯಿತು. ಕಾನೂನು ಕಡ್ಡಾಯ ಮಾಡಿದ್ದನ್ನು ಆದೇಶದಿಂದ ಬಿಡಿಸಲಾಗದು ಎಂಬ ಮಟ್ಟಿಗೆ ಗೆದ್ದಿತು ಕೂಡ. ಅಲಮೀಡಾದಲ್ಲಿ ದೀರ್ಘಕಾಲದ ಮುಖ್ಯಸ್ಥೆ ನ್ಯಾನ್ಸಿ ಒ’ಮ್ಯಾಲಿ ನಿವೃತ್ತರಾದ ಮೇಲೆ, ಸುಧಾರಣೆಯ ಭರವಸೆ ಕೊಟ್ಟು ಗೆದ್ದ ಪಮೇಲಾ ಪ್ರೈಸ್ 2023ರ ಜನವರಿಯಲ್ಲಿ ಬಂದರು. ಹಲವು ಹಿರಿಯರು ಕಚೇರಿ ಬಿಟ್ಟರು. 2024ರ ನವೆಂಬರಿನಲ್ಲಿ ಮತದಾರರು ಪ್ರೈಸ್ ಅವರನ್ನೇ ಅವಧಿಗೆ ಮುನ್ನ ವಾಪಸು ಕರೆಸಿಕೊಂಡರು. 2025ರಲ್ಲಿ ಮಾಜಿ ನ್ಯಾಯಾಧೀಶೆ ಉರ್ಸುಲಾ ಜೋನ್ಸ್ ಡಿಕ್ಸನ್ ನೇಮಕಗೊಂಡರು. ಇಷ್ಟೆಲ್ಲ ಮೂರು ವರ್ಷದೊಳಗೆ. ಒಂದೇ ಬಗೆಯ ಕಳ್ಳತನಕ್ಕೆ ಒಂದು ವರ್ಷ ಒಂದು ನೀತಿ, ಮರುವರ್ಷ ಇನ್ನೊಂದು. ನಡುವೆ ನಿಂತ ಡೆಪ್ಯುಟಿಗೆ ಸಂಬಳ ಬರುತ್ತದೆ, ಆದರೆ ನಿನ್ನೆ ಸರಿ ಎಂದು ಕೋರ್ಟಿನಲ್ಲಿ ವಾದಿಸಿದ್ದನ್ನು ಇಂದು ಬಿಡಬೇಕಾಗುತ್ತದೆ. ನಮ್ಮಲ್ಲಿ ಸರ್ಕಾರ ಬದಲಾದಾಗ ಪ್ರಕರಣಗಳನ್ನು ಹಿಂತೆಗೆದುಕೊಳ್ಳುವ ಪಟ್ಟಿ ಹೊರಡುವುದಕ್ಕಿಂತ ಇದು ಹೆಚ್ಚು ಬಹಿರಂಗ, ಅಷ್ಟೇ ವ್ಯತ್ಯಾಸ.

ಹಣದ ಮಾತು ಸಣ್ಣದು. ದೊಡ್ಡ ಖಾಸಗಿ ಸಂಸ್ಥೆಗಳ ವಕೀಲರಿಗೆ ಹೋಲಿಸಿದರೆ ಸಂಬಳ ಕಡಿಮೆ, ಪಿಂಚಣಿ ಮತ್ತು ಆರೋಗ್ಯ ವಿಮೆ ಚೆನ್ನಾಗಿವೆ. ಓದಿಗೆ ಫೆಡರಲ್ ಸಾಲ ಮಾಡಿದ್ದರೆ, ಸಾರ್ವಜನಿಕ ಸೇವೆಯಲ್ಲಿ ಇದ್ದು 120 ಕಂತು ಕಟ್ಟಿದವರ ಉಳಿದ ಸಾಲ ಮನ್ನಾ ಮಾಡುವ ಯೋಜನೆ 2007ರಿಂದ ಇದೆ. ಅದರ ಷರತ್ತುಗಳನ್ನು ಈಗಲೇ ಓದಿಕೊಳ್ಳಲಿ. ಇದಕ್ಕಿಂತ ದೊಡ್ಡ ವೆಚ್ಚ ಮನಸ್ಸಿನದು. ಮಕ್ಕಳ ಮೇಲಿನ ದೌರ್ಜನ್ಯದ ವಿಭಾಗದಲ್ಲಿ ವರ್ಷಗಟ್ಟಲೆ ಆ ಚಿತ್ರಗಳನ್ನು, ಆ ಹೇಳಿಕೆಗಳನ್ನು ನೋಡಿದವರು ಮನೆಗೆ ಬಂದು ಊಟಕ್ಕೆ ಕುಳಿತಾಗ ಏನೂ ಆಗಿಲ್ಲವೆಂಬಂತೆ ಇರಲಾರರು. ಮನೆಯವರು ಸಿದ್ಧರಾಗಬೇಕಾದದ್ದು ಇದಕ್ಕೆ.

ಹಿರಿಯರಾದ ಮೇಲೆ ಹಲವು ಬಾಗಿಲು ತೆರೆಯುತ್ತವೆ. ಬಹಳ ಮಂದಿ ಕೌಂಟಿಯ ಸುಪೀರಿಯರ್ ಕೋರ್ಟಿನ ನ್ಯಾಯಾಧೀಶರಾಗುತ್ತಾರೆ. ಕೆಲವರು ಎದುರು ಬದಿಗೆ ಹೋಗಿ ಆರೋಪಿಗಳ ಪರ ವಾದಿಸುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ. 1910ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಮೊದಲ ಮಹಿಳಾ ಡೆಪ್ಯುಟಿಯಾದ ಕ್ಲಾರಾ ಫೋಲ್ಟ್ಜ್ ಅವರೇ, ಬಡ ಆರೋಪಿಗಳಿಗೆ ಸರ್ಕಾರಿ ಖರ್ಚಿನ ವಕೀಲರ ಕಚೇರಿ ಬೇಕೆಂದು 1893ರಿಂದ ಹೋರಾಡಿದವರು. ಆ ಕೌಂಟಿಯಲ್ಲಿ 1914ರಲ್ಲಿ ಅಂಥ ಕಚೇರಿ ಬಂತು. ಇಂದು ಅಲ್ಲಿನ ಮುಖ್ಯ ಕ್ರಿಮಿನಲ್ ಕೋರ್ಟು ಕಟ್ಟಡಕ್ಕೆ ಅವರದೇ ಹೆಸರು.

ನಿಮ್ಮ ಸೊಸೆಗೆ ನನ್ನ ಸಲಹೆ ಇಷ್ಟು. ಬರುವ ಬೇಸಿಗೆಯಲ್ಲಿ ಅಲಮೀಡಾದಲ್ಲಿ ಅಥವಾ ಪಕ್ಕದ ಕೌಂಟಿಯಲ್ಲಿ ಕ್ಲರ್ಕ್ ಹುದ್ದೆಗೆ ಅರ್ಜಿ ಹಾಕಲಿ. ಸಾಧ್ಯವಾದರೆ ಇನ್ನೊಂದು ಅವಧಿಯನ್ನು ಬಡ ಆರೋಪಿಗಳ ಪರ ಸರ್ಕಾರಿ ಖರ್ಚಿನಲ್ಲಿ ವಾದಿಸುವ ಪಬ್ಲಿಕ್ ಡಿಫೆಂಡರ್ ಕಚೇರಿಯಲ್ಲಿ ಕಳೆಯಲಿ. ಎದುರು ಮೇಜಿನಿಂದ ಪ್ರಾಸಿಕ್ಯೂಟರ್ ಹೇಗೆ ಕಾಣುತ್ತಾರೆ ಎಂಬುದು ಬೇರೆ ಎಲ್ಲೂ ಕಲಿಯಲು ಸಿಗುವುದಿಲ್ಲ. ಪ್ರಾಥಮಿಕ ವಿಚಾರಣೆಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತವೆ, ಡಬ್ಲಿನ್‌ನ ಕೋರ್ಟು ಫ್ರೀಮಾಂಟಿಗೆ ದೂರವೂ ಅಲ್ಲ. ಒಂದೆರಡು ದಿನ ಸುಮ್ಮನೆ ಹಿಂದೆ ಕುಳಿತು ನೋಡಲಿ. ಆಮೇಲೆ ನೇಮಕದ ಸಂದರ್ಶನಕ್ಕೆ ಹೋದಾಗ ಎರಡು ಪ್ರಶ್ನೆಗಳನ್ನು ಆಕೆಯೇ ಕೇಳಲಿ. ಸಾಕ್ಷ್ಯ ಸಾಲದು ಎಂದು ಹೊಸ ಡೆಪ್ಯುಟಿಯೊಬ್ಬಳು ಕೇಸು ಬಿಟ್ಟರೆ, ಪೊಲೀಸರು ಸಿಟ್ಟಾದಾಗ ಈ ಕಚೇರಿಯ ಹಿರಿಯರು ಯಾರ ಬೆನ್ನಿಗೆ ನಿಲ್ಲುತ್ತಾರೆ? ಕೇಸಿಗೆ ವಿರುದ್ಧವಾದ ಕಾಗದ ವಿಚಾರಣೆಯ ಹಿಂದಿನ ರಾತ್ರಿ ಸಿಕ್ಕರೆ ಯಾರಿಗೆ ಫೋನು ಮಾಡಬೇಕು? ಎರಡನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬರುವ ಕಚೇರಿಯಾದರೆ ಸೇರಲಿ.